ಹವಳವಿಲ್ಲದ ಕಡಲು

ಹವಳ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೊರಳ ಸರ, ನವರತ್ನದ ಉಂಗುರ, ಇಲ್ಲವೇ ಜಾತಕದಲ್ಲಿ ಕುಜದೋಷವಿದ್ದವರಿಗೆ ಜೋಯಿಸರು ಹೇಳುವ ಪರಿಹಾರ. ಆ ಕೆಂಪು ಹವಳವೂ ಕಡಲಿನದೇ, ಪ್ರಾಣಿಯ ಸೃಷ್ಟಿಯೇ. ಆದರೆ ನಾನಿಲ್ಲಿ ಬರೆಯಲು ಹೊರಟಿರುವುದು ಅದರ ದೂರದ ನೆಂಟನ ಕಥೆಯನ್ನು. ಲಕ್ಷದ್ವೀಪದಂತಹ ದ್ವೀಪಗಳನ್ನೇ ಕಟ್ಟಿ ನಿಲ್ಲಿಸಿರುವ ಹವಳ ಬೇರೆ ಬಗೆಯದು. ನಮ್ಮ ಕರಾವಳಿಯವರು ಅದನ್ನು ನೋಡಬೇಕೆಂದರೆ ಅಷ್ಟು ದೂರ ಹೋಗಬೇಕಾಗಿಲ್ಲ; ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲ ನೀರಿನಲ್ಲೂ ಒಂದಿಷ್ಟು ಹವಳಗಳಿವೆ.

ಈ ಹವಳಜೀವಿಗೆ ಪಾಲಿಪ್ ಎಂದು ಹೆಸರು. ಮೆತ್ತನೆಯ ಪುಟ್ಟ ಚೀಲದಂತಹ ದೇಹ, ಬಾಯಿಯ ಸುತ್ತ ಎಳೆಗಳು. ಇಷ್ಟೇ ಅದರ ಸಂಪತ್ತು. ಅದು ಕಡಲನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿ ತನ್ನ ಬುಡದಲ್ಲಿ ಕಲ್ಲಿನ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಏಕಕೋಶದ ಪಾಚಿಗಳು ವಾಸವಾಗಿರುತ್ತವೆ. ಮನೆಯ ಯಜಮಾನನಿಗೆ ಬೇಕಾದ ಆಹಾರದ ಬಹುಪಾಲನ್ನು ಸೂರ್ಯನ ಬೆಳಕಿನಲ್ಲಿ ತಯಾರಿಸಿ ಕೊಡುವವು ಈ ಬಾಡಿಗೆದಾರರೇ. ಇಂತಹ ಕೋಟ್ಯಂತರ ಬಟ್ಟಲುಗಳು ಒಂದರ ಮೇಲೊಂದು ಬೆಳೆದು, ಹಳೆಯವು ಸತ್ತು ಹೊಸವು ಹುಟ್ಟಿ, ಸಾವಿರಾರು ವರ್ಷಗಳಲ್ಲಿ ಹವಳದ ದಿಬ್ಬಗಳಾಗುತ್ತವೆ. ಕಡಲತಳದ ವಿಸ್ತೀರ್ಣದಲ್ಲಿ ಶೇಕಡಾ ಒಂದರಷ್ಟನ್ನೂ ಆಕ್ರಮಿಸದ ಈ ದಿಬ್ಬಗಳಲ್ಲಿ ಕಡಲಜೀವಿಗಳ ಕಾಲುಭಾಗದಷ್ಟು ಪ್ರಭೇದಗಳು ಆಶ್ರಯ ಪಡೆದಿವೆ ಎಂದು ಅಂದಾಜು.

ಭೂಮಿಯ ಚರಿತ್ರೆಯಲ್ಲಿ ಇಂತಹ ಹವಳವೇ ಇಲ್ಲದ ಕಾಲವೊಂದಿತ್ತು. ಹವಳ ಇನ್ನೂ ಹುಟ್ಟಿರದ ಕಾಲವನ್ನು ಕುರಿತು ಹೇಳುತ್ತಿಲ್ಲ. ಇದ್ದ ಹವಳಗಳೆಲ್ಲ ಅಳಿದು, ಹೊಸವು ಬಾರದೆ, ಕಡಲು ಬರಿದಾಗಿ ಉಳಿದ ಕಾಲವನ್ನು ಕುರಿತು ಹೇಳುತ್ತಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ ಮಕ್ಕಳು ಕೇಳುತ್ತಿದ್ದುದು ಡೈನೋಸಾರುಗಳ ಅಳಿವಿನ ಬಗ್ಗೆ ಮಾತ್ರ. ಅದು ಸಹಜ, ಆನೆಗಿಂತ ದೊಡ್ಡ ಹಲ್ಲಿಯೆಂದರೆ ಯಾವ ಮಗುವಿಗೆ ಕುತೂಹಲವಿರುವುದಿಲ್ಲ? ಆದರೆ ಜೀವಜಾಲಕ್ಕೆ ಬಿದ್ದ ಅತ್ಯಂತ ಘೋರವಾದ ಪೆಟ್ಟು ಅದಲ್ಲ. ಅದಕ್ಕೂ ಹದಿನೆಂಟು ಕೋಟಿ ವರ್ಷಗಳಿಗೂ ಹಿಂದೆ, ಹೆಚ್ಚಾಗಿ ಕಡಲಿನೊಳಗೆ, ಸದ್ದಿಲ್ಲದೆ ನಡೆದುಹೋದದ್ದು ಅದಕ್ಕಿಂತ ದೊಡ್ಡದು.

ಕೋಟಿ ವರ್ಷಗಳ ಲೆಕ್ಕ ಮನಸ್ಸಿಗೆ ಹತ್ತುವುದು ಕಷ್ಟ. ಆದ್ದರಿಂದ ಓದುಗರು ಒಂದು ಉದ್ದನೆಯ ಹಗ್ಗವನ್ನು ಕಲ್ಪಿಸಿಕೊಳ್ಳಬೇಕು. ಅದರಲ್ಲಿ ಒಂದು ಮಿಲಿಮೀಟರಿಗೆ ಒಂದು ಸಾವಿರ ವರ್ಷ. ನಿಮ್ಮ ಕೈಯಲ್ಲಿರುವ ತುದಿ ಇಂದಿನ ದಿನ. ಹಲ್ಮಿಡಿ ಶಾಸನ ಅಲ್ಲಿಂದ ಒಂದೂವರೆ ಮಿಲಿಮೀಟರಿನ ಆಚೀಚೆ ಇದೆ. ಸಿಂಧೂ ಕಣಿವೆಯ ನಗರಗಳು ಐದು ಮಿಲಿಮೀಟರಿನೊಳಗೇ ಮುಗಿದುಹೋಗುತ್ತವೆ. ಡೈನೋಸಾರುಗಳು ಅಳಿದದ್ದು ೬೬ ಮೀಟರ್ ದೂರದಲ್ಲಿ. ನಾನು ಹೇಳಹೊರಟಿರುವ ಮಹಾವಿನಾಶ ೨೫೨ ಮೀಟರ್ ದೂರದಲ್ಲಿ, ಅಂದರೆ ಕ್ರೀಡಾಂಗಣದ ನಾನೂರು ಮೀಟರ್ ಓಟದ ಪಥದಲ್ಲಿ ಅರ್ಧ ಸುತ್ತನ್ನು ದಾಟಿ ಇನ್ನೂ ಐವತ್ತು ಮೀಟರ್ ಮುಂದೆ. ಈ ಹಗ್ಗವನ್ನು ದಯವಿಟ್ಟು ಕೊನೆಯವರೆಗೂ ಕೈಬಿಡಬೇಡಿ, ಮತ್ತೆ ಮತ್ತೆ ಬೇಕಾಗುತ್ತದೆ.

ಜೀವಿಗಳು ಸಾಮೂಹಿಕವಾಗಿ ಅಳಿಯಬಲ್ಲವು ಎಂಬ ಮಾತನ್ನು ವಿದ್ವಾಂಸರು ಒಪ್ಪಿಕೊಂಡದ್ದೇ ತಡವಾಗಿ. ಫ್ರಾನ್ಸಿನ ಕುವಿಯರ್ ೧೮ನೆಯ ಶತಮಾನದ ಕೊನೆಯಲ್ಲಿ, ಮ್ಯಾಮತ್ ಮೊದಲಾದ ಪ್ರಾಣಿಗಳ ಎಲುಬುಗಳನ್ನು ಮುಂದಿಟ್ಟು, ಇವು ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ ಎಂದು ವಾದಿಸಿದಾಗ ಅದು ಬಹಳ ಜನರಿಗೆ ರುಚಿಸಲಿಲ್ಲ. ೧೮೪೧ರಲ್ಲಿ ಮರ್ಚಿಸನ್ ರಷ್ಯಾದ ಪೆರ್ಮ್ ಪ್ರಾಂತದ ಬಂಡೆಗಳನ್ನು ನೋಡಿ ಅವುಗಳ ಕಾಲಕ್ಕೆ ಪರ್ಮಿಯನ್ ಎಂದು ಹೆಸರಿಟ್ಟ. ಅದೇ ವರ್ಷ ಇಂಗ್ಲೆಂಡಿನ ಜಾನ್ ಫಿಲಿಪ್ಸ್ ಪಳೆಯುಳಿಕೆಗಳ ಆಧಾರದ ಮೇಲೆ ಭೂಮಿಯ ಜೀವಚರಿತ್ರೆಯನ್ನು ಪುರಾತನ, ಮಧ್ಯ, ನವ ಎಂದು ಮೂರು ಮಹಾಯುಗಗಳಾಗಿ ವಿಂಗಡಿಸಿದ. ಆತ ಮೊದಲ ಗೆರೆಯನ್ನು ಎಳೆದದ್ದು ಸರಿಯಾಗಿ ಪರ್ಮಿಯನ್ನಿನ ಕೊನೆಯಲ್ಲಿ. ಗೆರೆಯ ಕೆಳಗಿನ ಜೀವಿಗಳೇ ಬೇರೆ, ಮೇಲಿನವೇ ಬೇರೆ ಎಂಬುದು ಆತನ ಕಣ್ಣಿಗೆ ಅಷ್ಟು ನಿಚ್ಚಳವಾಗಿ ಕಂಡಿತ್ತು. ಡಾರ್ವಿನ್ ಮಾತ್ರ ಇಂತಹ ಹಠಾತ್ ಬದಲಾವಣೆಗಳನ್ನು ಬಂಡೆಗಳ ದಾಖಲೆಯಲ್ಲಿರುವ ಲೋಪವೆಂದೇ ಬಗೆದಿದ್ದ. ನಡುವಿನ ಪುಟಗಳು ಹರಿದುಹೋಗಿವೆ, ಆದ್ದರಿಂದ ಕಥೆ ಜಿಗಿದಂತೆ ತೋರುತ್ತದೆ ಎಂಬುದು ಆತನ ವಾದದ ಧಾಟಿ. ಮಹಾಪುರುಷರ ಮಾತು ಎಷ್ಟು ಕಾಲ ನಿಲ್ಲುತ್ತದೆ ನೋಡಿ! ಡೇವಿಡ್ ರಾಪ್ ಮತ್ತು ಜಾಕ್ ಸೆಪ್ಕೋಸ್ಕಿ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಕಡಲಜೀವಿಗಳ ಕುಟುಂಬಗಳನ್ನು ಒಂದೊಂದಾಗಿ ಎಣಿಸಿ, ಐದು ಬಾರಿ ಅಳಿವಿನ ಪ್ರಮಾಣ ಮಾಮೂಲಿಗಿಂತ ಬಹುವಾಗಿ ಏರಿತ್ತೆಂದು ತೋರಿಸಿಕೊಟ್ಟದ್ದು ೧೯೮೨ರಲ್ಲಿ. ಅವರು ಎಣಿಸಿದ್ದು ಕಡಲಜೀವಿಗಳನ್ನು ಎಂಬುದನ್ನು ಗಮನಿಸಬೇಕು. ಚಿಪ್ಪು, ಸುಣ್ಣದ ಗೂಡುಗಳಿರುವ ಜೀವಿಗಳು ಕೆಸರಿನಲ್ಲಿ ಹೂತು ಉಳಿಯುವಷ್ಟು ಚೆನ್ನಾಗಿ ನೆಲದ ಪ್ರಾಣಿಗಳು ಉಳಿಯುವುದಿಲ್ಲ.

ಆ ಐದರಲ್ಲಿ ಮೊದಲನೆಯದು ನಮ್ಮ ಹಗ್ಗದ ೪೪೫ನೆಯ ಮೀಟರಿನಲ್ಲಿ, ಆರ್ಡೋವಿಷಿಯನ್ ಕಾಲದ ಅಂತ್ಯದಲ್ಲಿ, ಮಂಜುಗಡ್ಡೆಯ ಯುಗದೊಡನೆ ಬಂತು. ಅದರ ವಿವರ ಈ ಲೇಖನಕ್ಕೆ ಬೇಡ. ಎರಡನೆಯದರ ಬಳಿ ಸ್ವಲ್ಪ ನಿಲ್ಲೋಣ, ಏಕೆಂದರೆ ಅದಕ್ಕೆ ಮುನ್ನ, ಡೆವೋನಿಯನ್ ಕಾಲದಲ್ಲಿ, ಕಡಲು ಹಿಂದೆಂದೂ ಕಾಣದಷ್ಟು ವಿಸ್ತಾರವಾದ ದಿಬ್ಬಗಳನ್ನು ಕಂಡಿತ್ತು. ಅವನ್ನು ಕಟ್ಟಿದವರು ಇಂದಿನ ಹವಳಗಳಲ್ಲ. ಕೊಂಬಿನಾಕಾರದ ರುಗೋಸ ಹವಳಗಳು, ಜೇನುಗೂಡಿನಂತಿದ್ದ ಟ್ಯಾಬುಲೇಟ್ ಹವಳಗಳು, ಅವುಗಳ ಜೊತೆಗೆ ಸ್ಟ್ರೊಮಾಟೊಪೊರಾಯ್ಡ್ ಎಂಬ ಬಾಯಿತುಂಬುವ ಹೆಸರಿನ ಸುಣ್ಣದ ಸ್ಪಂಜುಗಳು. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾನಿಂಗ್ ಪ್ರದೇಶದಲ್ಲಿ ಅಂತಹ ದಿಬ್ಬವೊಂದು ಇಂದು ಒಣನೆಲದ ನಡುವೆ ಸುಣ್ಣಕಲ್ಲಿನ ಗುಡ್ಡಸಾಲಾಗಿ ನಿಂತಿದೆ. ವಿಂಜಾನಾ ಎಂಬ ಕಮರಿಯಲ್ಲಿ ನದಿ ಅದನ್ನು ಕೊರೆದು ಒಳಭಾಗವನ್ನು ತೆರೆದಿಟ್ಟಿದೆ. ನೀರಿಲ್ಲದ ಕಾಲದಲ್ಲಿ ಅಲ್ಲಿ ನಡೆದುಹೋದವರು ಕಡಲತಳದ ದಿಬ್ಬವನ್ನು ಪಕ್ಕದಿಂದ ನೋಡುತ್ತ ನಡೆದಂತೆಯೇ.

ಆ ಕಾಲದ ಹವಳಗಳ ಬಗ್ಗೆ ನನಗೆ ಬಹಳ ಪ್ರಿಯವಾದ ಸಂಗತಿಯೊಂದಿದೆ. ಅಮೆರಿಕದ ಜಾನ್ ವೆಲ್ಸ್ ಎಂಬ ಹವಳತಜ್ಞ ೧೯೬೩ರಲ್ಲಿ ಡೆವೋನಿಯನ್ ಹವಳಗಳ ಮೇಲಿರುವ ಕೂದಲೆಳೆಯಂತಹ ಬೆಳವಣಿಗೆಯ ಗೆರೆಗಳನ್ನು ಎಣಿಸಿದ. ಹವಳ ದಿನಕ್ಕೊಂದು ಗೆರೆಯಂತೆ ಬೆಳೆಯುತ್ತದೆ. ವರ್ಷಕ್ಕೊಂದು ದಪ್ಪ ಪಟ್ಟಿ ಕಾಣುತ್ತದೆ. ಪಟ್ಟಿಯೊಂದರಲ್ಲಿ ೩೬೫ ಗೆರೆಗಳಿರಲಿಲ್ಲ, ಸುಮಾರು ೪೦೦ ಇದ್ದವು. ಅಂದರೆ ಆಗ ವರ್ಷಕ್ಕೆ ನಾನೂರು ದಿನ, ದಿನಕ್ಕೆ ಇಪ್ಪತ್ತೆರಡು ಗಂಟೆ. ಚಂದ್ರನ ಸೆಳೆತದಿಂದ ಉಂಟಾಗುವ ಉಬ್ಬರವಿಳಿತಗಳು ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತಿವೆ ಎಂದು ಖಗೋಳಜ್ಞರು ಮೊದಲೇ ಲೆಕ್ಕ ಹಾಕಿದ್ದರು. ಅದಕ್ಕೆ ಸಾಕ್ಷಿ ನುಡಿದದ್ದು ಸತ್ತ ಹವಳ. ಈ ವಿಷಯ ಹೇಳಿದ ದಿನ ತರಗತಿಯಲ್ಲಿ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು.

ಸುಮಾರು ೩೭ ಕೋಟಿ ೨೦ ಲಕ್ಷ ವರ್ಷಗಳ ಹಿಂದೆ ಆ ದಿಬ್ಬಗಳ ವೈಭವ ಮುಗಿಯಿತು. ಕಡಲಿನಲ್ಲಿ ಆಮ್ಲಜನಕ ಕುಗ್ಗಿತ್ತೆಂಬುದಕ್ಕೆ ಆ ಕಾಲದ ಕಪ್ಪು ಜೇಡಿಕಲ್ಲುಗಳೇ ಸಾಕ್ಷಿ. ಹವಳಗಳು ಪೂರ್ತಿ ನಿರ್ಮೂಲವಾಗಲಿಲ್ಲ. ಆದರೆ ದಿಬ್ಬ ಕಟ್ಟುವ ಆ ಹಳೆಯ ಕೂಟ ಮತ್ತೆಂದೂ ಅಷ್ಟು ದೊಡ್ಡದಾಗಿ ಸೇರಲಿಲ್ಲ. ಮುಂದೆ ಪರ್ಮಿಯನ್ ಕಾಲದಲ್ಲಿ ಸ್ಪಂಜುಗಳು, ಪಾಚಿಗಳು, ಬ್ರಯೋಜೋವ ಎಂಬ ಪಾಚಿಯಂತೆ ಕಾಣುವ ಪ್ರಾಣಿಗಳು ಆ ಉದ್ಯೋಗವನ್ನು ಕೈಗೆತ್ತಿಕೊಂಡವು. ಅಮೆರಿಕದ ಟೆಕ್ಸಾಸಿನ ಗ್ವಾಡಲೂಪ್ ಪರ್ವತಗಳು ಅವುಗಳ ಕೆಲಸ. ಎಲ್ ಕ್ಯಾಪಿಟನ್ ಎಂಬ ಅಲ್ಲಿಯ ಬೃಹತ್ ಬಂಡೆಯೂ, ಟೆಕ್ಸಾಸಿನಲ್ಲೇ ಎತ್ತರವಾದ ೨,೬೬೭ ಮೀಟರಿನ ಶಿಖರವೂ ಒಂದು ಕಾಲದಲ್ಲಿ ಕಡಲಿನಡಿಯ ದಿಬ್ಬವೇ. ಹವಳಗಳು ಅಲ್ಲಿಯೂ ಇದ್ದವು, ಆದರೆ ಮುಖ್ಯ ಮೇಸ್ತ್ರಿಗಳಾಗಿ ಅಲ್ಲ.

ಇನ್ನು ೨೫೨ನೆಯ ಮೀಟರ್. ಆಗ ಖಂಡಗಳೆಲ್ಲ ಒಂದಾಗಿ ಪ್ಯಾಂಜಿಯಾ ಎಂಬ ಮಹಾಖಂಡವಾಗಿದ್ದವು. ಅದರ ಉತ್ತರದಲ್ಲಿ, ಈಗಿನ ಸೈಬೀರಿಯಾದಲ್ಲಿ, ನೆಲ ಬಿರಿದು ಲಾವಾರಸ ಹರಿಯತೊಡಗಿತು. ನಾವು ಚಿತ್ರಗಳಲ್ಲಿ ನೋಡುವ ಶಂಕುವಿನಾಕಾರದ ಜ್ವಾಲಾಮುಖಿಯಲ್ಲ. ಬಿರುಕುಗಳಿಂದ ಪದರಪದರವಾಗಿ ಉಕ್ಕಿ ನೆಲವನ್ನೇ ಹೂಳುವ ಪ್ರವಾಹ. ನಮ್ಮ ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿಗಳ ಕರಿಕಲ್ಲೂ, ಎರೆಭೂಮಿಯ ಕಪ್ಪುಮಣ್ಣಿಗೆ ಮೂಲವಾದ ಬಂಡೆಯೂ ಅಂಥದೇ ಇನ್ನೊಂದು ಪ್ರವಾಹದಿಂದ, ಬಹಳ ತಡವಾಗಿ ಬಂದವು. ಅದನ್ನು ನೋಡಿದವರಿಗೆ ಸೈಬೀರಿಯಾದ ಚಿತ್ರ ಕಣ್ಣಿಗೆ ಕಟ್ಟುವುದು ಸುಲಭ. ಅಲ್ಲಿ ಹರಿದ ಲಾವಾ ಹತ್ತಾರು ಲಕ್ಷ ಘನ ಕಿಲೋಮೀಟರುಗಳಷ್ಟು. ಆದರೆ ಕೊಂದದ್ದು ಲಾವಾ ಅಲ್ಲ. ಕೆಳಗಿನಿಂದ ಏರಿಬಂದ ಬಿಸಿರಸ ದಾರಿಯಲ್ಲಿ ಕಲ್ಲಿದ್ದಲು, ಸುಣ್ಣಕಲ್ಲು, ಉಪ್ಪಿನ ಪದರಗಳನ್ನು ಹೊಕ್ಕು ಬೇಯಿಸಿತು. ಅವುಗಳಿಂದ ಇಂಗಾಲದ ಡೈ ಆಕ್ಸೈಡೂ ಇತರ ಅನಿಲಗಳೂ ಊಹೆಗೆ ನಿಲುಕದ ಪ್ರಮಾಣದಲ್ಲಿ ವಾತಾವರಣಕ್ಕೆ ಸೇರಿದವು. ಒಂದರ್ಥದಲ್ಲಿ ಭೂಮಿ ತನ್ನ ಕಲ್ಲಿದ್ದಲನ್ನು ತಾನೇ ಸುಟ್ಟುಕೊಂಡಿತು.

ವಾತಾವರಣದಲ್ಲಿ ನಡೆದದ್ದು ಕಡಲಿನೊಳಗೆ ಹೇಗೆ ಕೊಲ್ಲುತ್ತದೆ? ಮೂರು ಬಗೆಯಿಂದ.

ಮೊದಲನೆಯದು ಕಾವು. ಉಷ್ಣವಲಯದ ಕಡಲಿನ ಮೇಲ್ಪದರ ಸುಮಾರು ೧೦ ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಯಾಯಿತು. ಎರಡನೆಯದು ಉಸಿರು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಆದರೆ ಬಿಸಿಯಾದ ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಬೇಸಗೆಯಲ್ಲಿ ನೀರಿಳಿದ ಕೆರೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ನೀವು ನೋಡಿರಬಹುದು. ಇಡೀ ಕಡಲಿಗೆ ಅದೇ ಗತಿ ಬಂತೆಂದು ತಿಳಿಯಿರಿ. ಜಸ್ಟಿನ್ ಪೆನ್, ಕರ್ಟಿಸ್ ಡಾಯಿಚ್ ಮತ್ತು ಸಂಗಡಿಗರು ೨೦೧೮ರಲ್ಲಿ ಪ್ರಕಟಿಸಿದ ಗಣಕಯಂತ್ರದ ಲೆಕ್ಕಾಚಾರದ ಪ್ರಕಾರ ಕಡಲು ತನ್ನ ಆಮ್ಲಜನಕದಲ್ಲಿ ಮುಕ್ಕಾಲು ಪಾಲನ್ನು ಕಳೆದುಕೊಂಡಿತ್ತು. ಅಳಿವಿನ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಈ ಕಾವು ಮತ್ತು ಉಸಿರುಗಟ್ಟುವಿಕೆಗಳಿಂದಲೇ ವಿವರಿಸಬಹುದು. ಅವರ ಲೆಕ್ಕದಲ್ಲಿ ಹೆಚ್ಚು ಸತ್ತದ್ದು ಸೆಕೆಯ ಕಡಲಿನವರಲ್ಲ, ಧ್ರುವಗಳ ಸಮೀಪದವರು. ಸೆಕೆಯ ನಾಡಿನವರು ತಂಪನ್ನು ಹುಡುಕಿಕೊಂಡು ಧ್ರುವದ ಕಡೆಗೆ ಸರಿಯಬಹುದು. ಧ್ರುವದಲ್ಲೇ ಇದ್ದವರು ಎಲ್ಲಿಗೆ ಹೋಗಬೇಕು?

ಮೂರನೆಯದು ಆಮ್ಲ. ಇದನ್ನು ತರಗತಿಯಲ್ಲಿ ಮಾಡಿ ತೋರಿಸುವುದು ಬಹು ಸುಲಭ, ನಾನೂ ಪ್ರತಿವರ್ಷ ಮಾಡುತ್ತಿದ್ದೆ. ಗಾಜಿನ ನಳಿಕೆಯಲ್ಲಿ ಸುಣ್ಣದ ತಿಳಿನೀರು ತೆಗೆದುಕೊಂಡು ಕೊಳವೆಯಿಂದ ಬಾಯಿಯ ಉಸಿರನ್ನು ಊದಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೋನೇಟ್, ಹವಳ ಮನೆ ಕಟ್ಟುವ ಅದೇ ವಸ್ತು. ಬಹುತೇಕ ಶಿಕ್ಷಕರು ಇಲ್ಲಿಗೇ ಪ್ರಯೋಗ ನಿಲ್ಲಿಸಿ ಬಿಡುತ್ತಾರೆ, ಪರೀಕ್ಷೆಗೆ ಅಷ್ಟೇ ಸಾಕು. ಆದರೆ ಊದುವುದನ್ನು ನಿಲ್ಲಿಸದೆ ಮುಂದುವರಿಸಿದರೆ ಆ ಬಿಳುಪು ಮೆಲ್ಲಗೆ ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ. ಇಂಗಾಲದ ಡೈ ಆಕ್ಸೈಡು ಹೆಚ್ಚಾದಾಗ ಸುಣ್ಣ ಕರಗಿ ಬೈಕಾರ್ಬೋನೇಟಾಗುತ್ತದೆ. ಕಡಲಿನಲ್ಲಿ ಚಿಪ್ಪು ಕಟ್ಟುವವರ ಸಂಕಟವೂ ಇದೇ: ಅನಿಲ ಕರಗಿದಷ್ಟೂ ಕಟ್ಟುವ ಸಾಮಗ್ರಿ ದುರ್ಲಭವಾಗುತ್ತದೆ, ಕಟ್ಟಿದ್ದನ್ನು ಉಳಿಸಿಕೊಳ್ಳುವುದೂ ಕಷ್ಟವಾಗುತ್ತದೆ.

ಆಂಡ್ರ್ಯೂ ನೋಲ್, ರಿಚರ್ಡ್ ಬಂಬಾಕ್ ಮೊದಲಾದವರು ಸತ್ತವರ ಪಟ್ಟಿಯನ್ನೂ ಉಳಿದವರ ಪಟ್ಟಿಯನ್ನೂ ಹೋಲಿಸಿ ನೋಡಿದಾಗ ಕಂಡದ್ದು ಇದೇ. ಸುಣ್ಣದ ಭಾರವಾದ ಗೂಡು ಕಟ್ಟಿಕೊಂಡು, ರಕ್ತಸಂಚಾರ ಉಸಿರಾಟಗಳ ಬಲವಿಲ್ಲದೆ ಒಂದೆಡೆ ಕೂತಿದ್ದ ಜೀವಿಗಳು ಹೆಚ್ಚಾಗಿ ಅಳಿದವು. ಚುರುಕಾಗಿ ಓಡಾಡುವ, ದೇಹದೊಳಗಿನ ರಾಸಾಯನಿಕ ಸ್ಥಿತಿಯನ್ನು ಹತೋಟಿಯಲ್ಲಿಟ್ಟುಕೊಳ್ಳಬಲ್ಲ ಜೀವಿಗಳು ಹೆಚ್ಚಾಗಿ ಉಳಿದವು. ಹವಳ ಮೊದಲನೆಯ ಗುಂಪಿನದು. ರುಗೋಸ, ಟ್ಯಾಬುಲೇಟ್ ಹವಳಗಳೆರಡೂ ಹೆಸರಿಲ್ಲದಂತೆ ಹೋದವು. ಇಪ್ಪತ್ತೇಳು ಕೋಟಿ ವರ್ಷ ಬಾಳಿದ್ದ ಟ್ರೈಲೋಬೈಟುಗಳ ಕೊನೆಯ ಸಂತತಿಯೂ ಹೋಯಿತು. ಒಟ್ಟು ಎಷ್ಟು? ಕಡಲಿನ ಪ್ರಭೇದಗಳಲ್ಲಿ ಶೇಕಡಾ ೯೬ರಷ್ಟು ಎಂಬ ಅಂಕಿ ಬಹುಕಾಲ ಪುಸ್ತಕಗಳಲ್ಲಿ ಓಡಾಡಿತು. ಅದು ಗರಿಷ್ಠ ಅಂದಾಜು. ೨೦೧೬ರಲ್ಲಿ ಸ್ಟೀವನ್ ಸ್ಟ್ಯಾನ್ಲಿ ಮತ್ತೆ ಲೆಕ್ಕ ಹಾಕಿ ಶೇಕಡಾ ೮೧ ಎಂದರು. ಐದರಲ್ಲಿ ಒಂದೇ ಉಳಿಯಿತೆಂದರೂ ಅದು ಸಣ್ಣ ಮಾತಲ್ಲ. ಇದಕ್ಕೆ ಹಿಡಿದ ಕಾಲ? ಚೀನಾದ ಮೇಶಾನ್ ಎಂಬಲ್ಲಿಯ ಬೂದಿಪದರಗಳ ವಯಸ್ಸನ್ನು ಅಳೆದ ಸೇಥ್ ಬರ್ಜಸ್, ಸ್ಯಾಮ್ ಬೌರಿಂಗ್, ಶೆನ್ ಶುಝೋಂಗ್ ಅವರು ೨೦೧೪ರಲ್ಲಿ ಕೊಟ್ಟ ಉತ್ತರ ಸುಮಾರು ಅರವತ್ತು ಸಾವಿರ ವರ್ಷ, ನಲವತ್ತೆಂಟು ಸಾವಿರ ವರ್ಷ ಹೆಚ್ಚು ಕಡಿಮೆ. ನಮ್ಮ ಹಗ್ಗದಲ್ಲಿ ಆರು ಸೆಂಟಿಮೀಟರ್. ಮೂರು ನಾಲ್ಕು ಬೆರಳಗಲ.

ಆ ಮೂರು ನಾಲ್ಕು ಬೆರಳಗಲದ ಸಾಕ್ಷ್ಯ ಭಾರತದಲ್ಲಿಯೂ ಇದೆ ಎಂಬುದು ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದು. ನಮ್ಮ ಕರ್ನಾಟಕದಲ್ಲಿ ಹುಡುಕಿ ಫಲವಿಲ್ಲ. ಆಗ ನಮ್ಮ ನೆಲ ಕಡಲಿನಡಿಯಲ್ಲಿರಲಿಲ್ಲ. ಆದರೆ ಹಿಮಾಲಯವಾಗಿ ಮಡಿಚಿ ಮೇಲೆದ್ದ ನೆಲ ಆಗ ಟೆಥಿಸ್ ಎಂಬ ಕಡಲಿನ ಅಂಚಿನಲ್ಲಿ ಮುಳುಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಾರ್ಲ್ ಗ್ರೀಸ್‌ಬಾಕ್ ೧೮೮೦ರಲ್ಲಿ ಹಿಮಾಲಯದ ಬಂಡೆಗಳಿಂದ ಓಟೊಸೆರಾಸ್ ಎಂಬ ಸುರುಳಿಚಿಪ್ಪಿನ ಜೀವಿಯನ್ನು ವರ್ಣಿಸಿದ. ಬಹುಕಾಲ ಈ ಜೀವಿ ಕಾಣಿಸುವ ಪದರವೇ ಹೊಸ ಯುಗದ ಹೊಸ್ತಿಲೆಂದು ಭೂವಿಜ್ಞಾನಿಗಳು ನಂಬಿದ್ದರು. ಶ್ರೀನಗರದ ಹೊರವಲಯದ ಖುನಮೋಹ್ ಹಳ್ಳಿಯ ಬಳಿ ಗುರ್ಯುಲ್ ಎಂಬ ಕಮರಿಯಿದೆ. ಅಲ್ಲಿ ಪರ್ಮಿಯನ್ನಿನ ಕೊನೆಯ ಪದರಗಳೂ ಟ್ರಯಾಸಿಕ್ಕಿನ ಮೊದಲ ಪದರಗಳೂ ಒಂದರ ಮೇಲೊಂದು ಅಖಂಡವಾಗಿ ಕೂತಿವೆ. ಕೆಳಗೆ ಬಗೆಬಗೆಯ ಚಿಪ್ಪುಜೀವಿಗಳ ಸಂತೆ. ಮೇಲೆ ಹೋದಂತೆ ತೆಳ್ಳನೆಯ ಕ್ಲಾರೈಯಾ ಎಂಬ ಒಂದೇ ಜಾತಿಯ ಕಪ್ಪೆಚಿಪ್ಪು ರಾಶಿರಾಶಿ. ಸೀಮೆಕಲ್ಲು ನೆಡಲು ಜಗತ್ತಿನಾದ್ಯಂತ ಸ್ಥಳ ಹುಡುಕುತ್ತಿದ್ದಾಗ ಗುರ್ಯುಲ್ಲೂ ಒಬ್ಬ ಉಮೇದುವಾರನಾಗಿತ್ತು. ಕಡೆಗೆ ೨೦೦೧ರಲ್ಲಿ ಆ ಪಟ್ಟ ಮೇಶಾನಿಗೆ ಸಂದಿತು. ಹಿಂಡಿಯೋಡಸ್ ಪಾರ್ವಸ್ ಎಂಬ ಜೀವಿಯ ಹಲ್ಲಿನಂತಹ ಸೂಕ್ಷ್ಮ ಅವಶೇಷ ಮೊದಲು ಕಾಣಿಸುವ ಪದರವೇ ಈಗಿನ ಅಧಿಕೃತ ಗಡಿ. ಗುರ್ಯುಲ್ಲಿನ ಸುತ್ತಲ ಸುಣ್ಣಕಲ್ಲಿನ ಗುಡ್ಡಗಳನ್ನು ಗಣಿಗಾರಿಕೆ ಒಡೆಯುತ್ತಿರುವ ಬಗ್ಗೆ ಪತ್ರಿಕೆಗಳಲ್ಲಿ ಹಲವು ಬಾರಿ ವರದಿಯಾಗಿದೆ. ಒಂದು ದೇವಾಲಯದ ಶಿಲಾಶಾಸನವನ್ನು ಒಡೆದರೆ ಊರೆಲ್ಲ ಎದ್ದು ನಿಲ್ಲುತ್ತದೆ. ಇದೂ ಶಾಸನವೇ.

ಮಹಾವಿನಾಶದ ನಂತರದ ಕಡಲು ಹೇಗಿತ್ತು? ದಕ್ಷಿಣ ಚೀನಾದಲ್ಲಿ ಪರ್ಮಿಯನ್ನಿನ ಕೊನೆಯ ಸ್ಪಂಜುದಿಬ್ಬಗಳ ನೆತ್ತಿಯ ಮೇಲೆಯೇ ಬೇರೊಂದು ಬಗೆಯ ಸುಣ್ಣಕಲ್ಲಿನ ಹೊದಿಕೆ ಕೂತಿದೆ. ಅದನ್ನು ಕಟ್ಟಿದವು ಪ್ರಾಣಿಗಳಲ್ಲ, ಸೂಕ್ಷ್ಮಜೀವಿಗಳ ಲೋಳೆಪದರಗಳು. ಅಂತಹ ಕಲ್ಲನ್ನು ನೋಡಬೇಕಾದರೆ ಚೀನಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಚಿತ್ರದುರ್ಗದ ಬಳಿಯ ಭೀಮಸಮುದ್ರ, ವಾಣಿವಿಲಾಸ ಸಾಗರದ ಕಡೆಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರಪದರದ ಸುಣ್ಣಕಲ್ಲುಗಳಿವೆ. ಅವು ಇನ್ನೂರೈವತ್ತು ಕೋಟಿ ವರ್ಷಗಳಿಗಿಂತಲೂ ಹಳೆಯವು, ಸೂಕ್ಷ್ಮಜೀವಿಗಳ ಹೊರತು ಬೇರೆ ಜೀವವೇ ಇಲ್ಲದಿದ್ದ ಕಾಲದವು. ಪ್ರಾಣಿಗಳು ಬಂದು ಆ ಲೋಳೆಯನ್ನು ಮೇಯತೊಡಗಿದ ಮೇಲೆ ಇಂತಹ ರಚನೆಗಳು ಮೂಲೆ ಸೇರಿದ್ದವು. ಮೇಯುವವರು ಸತ್ತುಹೋದಾಗ ಅವು ತಿರುಗಿ ನಡುಮನೆಗೆ ಬಂದವು. ಚಿತ್ರದುರ್ಗದ ಕಲ್ಲಿನ ಕಾಲಕ್ಕೆ ಕಡಲು ಒಮ್ಮೆ ಹಿಂತಿರುಗಿ ಹೋದಂತೆ ಎಂದು ನನಗನ್ನಿಸುತ್ತದೆ.

ಕಾವು ಕೂಡಲೇ ಇಳಿಯಲಿಲ್ಲ. ದಕ್ಷಿಣ ಚೀನಾದ ಪಳೆಯುಳಿಕೆಗಳಲ್ಲಿರುವ ಆಮ್ಲಜನಕದ ಐಸೊಟೋಪುಗಳನ್ನು ಅಳೆದು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟ್ರಯಾಸಿಕ್ಕಿನ ಆರಂಭದಲ್ಲಿ ಉಷ್ಣವಲಯದ ಕಡಲಿನ ಮೇಲ್ಮೈ ೪೦ ಡಿಗ್ರಿಯ ಸಮೀಪಕ್ಕೆ ಏರಿತ್ತು. ಸ್ನಾನಕ್ಕೆ ಕಾಯಿಸಿದ ನೀರಿನ ಕಾವು! ಸ್ಪಂಜುಗಳು ಹದಿನೈದು ಲಕ್ಷ ವರ್ಷಗಳೊಳಗೆ ಅಲ್ಲಲ್ಲಿ ಸಣ್ಣ ದಿಬ್ಬಗಳನ್ನು ಕಟ್ಟಿದ ಗುರುತುಗಳಿವೆ. ಹವಳ ಮಾತ್ರ ಕಾಣುವುದಿಲ್ಲ. ಹಗ್ಗದ ಮೇಲೆ ಏಳೆಂಟು ಮೀಟರ್ ನಡೆದರೂ ಇಲ್ಲ.

ಆಮೇಲೆ, ಸುಮಾರು ೨೪ ಕೋಟಿ ೫೦ ಲಕ್ಷ ವರ್ಷಗಳ ಹಿಂದೆ, ಸ್ಕ್ಲೆರಾಕ್ಟೀನಿಯ ಎಂಬ ಇಂದಿನ ಹವಳಗಳ ವಂಶ ಇದ್ದಕ್ಕಿದ್ದಂತೆ ಪಳೆಯುಳಿಕೆಗಳಲ್ಲಿ ಪ್ರತ್ಯಕ್ಷವಾಗುತ್ತದೆ. ಒಂದಲ್ಲ, ಹಲವು ಬಗೆಯ ಹವಳಗಳು ಒಟ್ಟಿಗೇ. ಇವು ಹಳೆಯ ರುಗೋಸಗಳ ಮಕ್ಕಳಲ್ಲ. ಹಳೆಯವುಗಳ ಬಟ್ಟಲಿನ ಗೋಡೆಗಳು ನಾಲ್ಕರ ಲೆಕ್ಕದಲ್ಲಿ ಹುಟ್ಟುತ್ತಿದ್ದವು, ಹೊಸವುಗಳಲ್ಲಿ ಆರರ ಲೆಕ್ಕ. ಹಳೆಯವು ಬಳಸಿದ್ದು ಕ್ಯಾಲ್ಸೈಟ್, ಹೊಸವು ಬಳಸುವುದು ಅರಗೊನೈಟ್. ಹಾಗಾದರೆ ಇವು ಎಲ್ಲಿಂದ ಬಂದವು? ವಂಶವಾಹಿಗಳ ಅಧ್ಯಯನ ಈ ವಂಶದ ಬೇರು ಮಹಾವಿನಾಶಕ್ಕಿಂತಲೂ ಹಿಂದಕ್ಕೆ ಹೋಗುತ್ತದೆ ಎನ್ನುತ್ತದೆ. ಮತ್ತೆ ನಡುವಣ ಕಾಲದಲ್ಲಿ ಎಲ್ಲಿದ್ದವು?

ಜಾರ್ಜ್ ಸ್ಟ್ಯಾನ್ಲಿ ಎಂಬ ವಿಜ್ಞಾನಿ (ಮೇಲೆ ಹೇಳಿದ ಸ್ಟ್ಯಾನ್ಲಿಯಲ್ಲ, ಬೇರೆಯವರು) ಬತ್ತಲೆ ಹವಳದ ವಾದವನ್ನು ಮುಂದಿಟ್ಟರು: ಹವಳದ ಪೂರ್ವಿಕರು ಕಲ್ಲಿನ ಮನೆಯಿಲ್ಲದೆ, ಬರಿಯ ಮೆತ್ತನೆಯ ಪಾಲಿಪುಗಳಾಗಿ ಬದುಕಿದ್ದರು, ಮೆತ್ತನೆಯ ದೇಹ ಪಳೆಯುಳಿಕೆಯಾಗದು, ಆದ್ದರಿಂದ ನಮಗೆ ಕಾಣುವುದಿಲ್ಲ. ಕೇಳಲು ಜಾಣ ವಾದ, ಆದರೆ ಪುರಾವೆ? ೨೦೦೭ರಲ್ಲಿ ಇಸ್ರೇಲಿನ ಮಾವೋಜ್ ಫೈನ್ ಮತ್ತು ಡಾನ್ ಚೆರ್ನೋವ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೆಡಿಟರೇನಿಯನ್ ಕಡಲಿನ ಎರಡು ಜಾತಿಯ ಹವಳಗಳನ್ನು ಅವರು ಆಮ್ಲೀಯತೆ ಹೆಚ್ಚಿಸಿದ ನೀರಿನಲ್ಲಿ ಹನ್ನೆರಡು ತಿಂಗಳು ಸಾಕಿದರು. ಕಲ್ಲಿನ ಗೂಡು ಕರಗಿಹೋಯಿತು. ಪಾಲಿಪುಗಳು ಸಾಯಲಿಲ್ಲ, ಕಡಲಹೂವಿನಂತೆ ಬತ್ತಲೆಯಾಗಿ ಬದುಕಿದವು, ಗಾತ್ರದಲ್ಲೂ ಹಿಗ್ಗಿದವು. ನೀರನ್ನು ಮೊದಲಿನಂತೆ ಮಾಡಿದಾಗ ಮತ್ತೆ ಮನೆ ಕಟ್ಟತೊಡಗಿದವು. ಇದರಿಂದ ಆ ಕಾಲದಲ್ಲಿ ಹೀಗೆಯೇ ನಡೆಯಿತೆಂದು ಸಿದ್ಧವಾಗುವುದಿಲ್ಲ, ನಡೆದಿರಬಹುದೆಂದು ಮಾತ್ರ ಸಿದ್ಧವಾಗುತ್ತದೆ. ಆದರೂ ಇಷ್ಟು ಸರಳವಾದ ಪ್ರಯೋಗ ಇಷ್ಟು ದೂರದ ಕಾಲಕ್ಕೆ ಬೆಳಕು ಹಾಯಿಸಿದ್ದು ನನಗೆ ಬಹಳ ಮೆಚ್ಚಿಗೆಯಾಯಿತು.

ತಿರುಗಿ ಬಂದ ಹವಳಗಳು ಸ್ಪಂಜುಗಳೊಡನೆ ಸೇರಿ ಟ್ರಯಾಸಿಕ್ಕಿನ ಉತ್ತರಾರ್ಧದಲ್ಲಿ ದೊಡ್ಡ ದಿಬ್ಬಗಳನ್ನು ಕಟ್ಟಿದವು. ಇಟಲಿಯ ಡಾಲಮೈಟ್ ಪರ್ವತಗಳ ಬಿಳಿಗೋಡೆಗಳು ಬಹುಮಟ್ಟಿಗೆ ಆ ಕಾಲದ ಕಡಲಿನ ಸುಣ್ಣವೇ. ಆದರೆ ೨೦೧ನೆಯ ಮೀಟರಿನಲ್ಲಿ, ಅಟ್ಲಾಂಟಿಕ್ ಸಾಗರ ಬಾಯಿ ತೆರೆಯುವ ಮುನ್ನ ಉಕ್ಕಿದ ಲಾವಾಪ್ರವಾಹದೊಡನೆ, ಅವೂ ಕುಸಿದವು. ಮತ್ತೆ ಲಕ್ಷಾಂತರ ವರ್ಷಗಳ ಬರಿದಾದ ಕಾಲ, ಮತ್ತೆ ಚೇತರಿಕೆ. ಕ್ರಿಟೇಷಿಯಸ್ ಕಾಲಕ್ಕೆ ರೂಡಿಸ್ಟ್ ಎಂಬ ವಿಚಿತ್ರ ಕಪ್ಪೆಚಿಪ್ಪುಗಳು ಬೆಚ್ಚನೆಯ ಕಡಲುಗಳಲ್ಲಿ ಹವಳವನ್ನು ಬದಿಗೆ ಸರಿಸಿ ಮೆರೆದವು. ಉತ್ತರ ಕನ್ನಡದವರು ಬಳಚು, ದಕ್ಷಿಣ ಕನ್ನಡದವರು ಮರುವಾಯಿ ಎನ್ನುವ ಜೀವಿಯ ಬಳಗದವೇ ಇವು. ಆದರೆ ಒಂದು ಚಿಪ್ಪು ಕೊಂಬಿನಂತೆ ಉದ್ದವಾಗಿ, ಇನ್ನೊಂದು ಮುಚ್ಚಳದಂತೆ ಕೂತಿರುತ್ತಿತ್ತು. ೬೬ನೆಯ ಮೀಟರಿನಲ್ಲಿ ಮೆಕ್ಸಿಕೋದ ಚಿಕ್ಸುಲೂಬಿಗೆ ಆಕಾಶದಿಂದ ಬಂಡೆ ಬಿತ್ತು. ಅದೇ ಆಸುಪಾಸಿನಲ್ಲಿ ನಮ್ಮ ದಖ್ಖನ್ನಿನ ಲಾವಾವೂ ಹರಿಯುತ್ತಿತ್ತು. ಯಾರ ಪಾಲು ಎಷ್ಟೆಂಬ ವಾದ ಇನ್ನೂ ಮುಗಿದಿಲ್ಲ. ರೂಡಿಸ್ಟುಗಳು ಮಾತ್ರ ಮುಗಿದವು, ಓಟೊಸೆರಾಸಿನ ಬಂಧುಗಳಾದ ಸುರುಳಿಚಿಪ್ಪಿನ ಅಮೊನೈಟುಗಳೂ ಮುಗಿದವು. ಹವಳ ಪೆಟ್ಟು ತಿಂದರೂ ಉಳಿಯಿತು. ಇಂದಿನ ದಿಬ್ಬಗಳೆಲ್ಲ ಹಾಗೆ ಉಳಿದವರ ಸಂತಾನ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಒಳ್ಳೆಯ ಉದ್ಯೋಗದಲ್ಲಿದ್ದಾನೆ, ಈ ವಿಷಯ ಮಾತನಾಡುವಾಗ ಕೇಳಿದ: "ಅಷ್ಟೆಲ್ಲ ಆದಮೇಲೂ ಹವಳ ತಿರುಗಿ ಬಂತಲ್ಲ ಸಾರ್, ಮತ್ತೇಕೆ ಇಷ್ಟು ಚಿಂತೆ?" ಪ್ರಶ್ನೆ ನ್ಯಾಯವಾದದ್ದೇ, ಬಹಳ ಜನ ಕೇಳುತ್ತಾರೆ. ನಾನು ಅವನಿಗೆ ಹಗ್ಗವನ್ನೇ ತೋರಿಸಿದೆ. ತಿರುಗಿ ಬರಲು ಹಿಡಿದದ್ದು ಏಳೆಂಟು ಮೀಟರ್. ಮನುಷ್ಯ ಎಂಬ ಜಾತಿ ಹುಟ್ಟಿ ಸುಮಾರು ಮೂರು ಲಕ್ಷ ವರ್ಷ, ಅಂದರೆ ಮೂವತ್ತು ಸೆಂಟಿಮೀಟರ್, ಶಾಲೆಯ ಒಂದು ಅಡಿಪಟ್ಟಿಯಷ್ಟು. ತಿರುಗಿ ಬಂದದ್ದೂ ಹಳೆಯದಲ್ಲ. ರುಗೋಸ ಹವಳ ಇಂದಿಗೂ ಬಂದಿಲ್ಲ. "ಮನೆ ಸುಟ್ಟುಹೋದ ಜಾಗದಲ್ಲಿ ಯಾರೋ ಮುಂದೆ ಮನೆ ಕಟ್ಟುತ್ತಾರೆ, ಸರಿ. ಈಗ ಒಳಗೆ ಮಲಗಿರುವವರಿಗೆ ಅದರಿಂದೇನು?" ಎಂದೆ. ಅವನು ನಕ್ಕ, ಒಪ್ಪಿದನೋ ಇಲ್ಲವೋ ತಿಳಿಯದು.

ಇಂದಿನ ಸ್ಥಿತಿಯನ್ನು ಪರ್ಮಿಯನ್ನಿಗೆ ಸಮವೆಂದು ಹೇಳಿ ಹೆದರಿಸುವವರೊಡನೆ ನನ್ನ ಸಹಮತವಿಲ್ಲ. ನಾವು ಗಾಳಿಗೆ ಸೇರಿಸಿರುವ ಇಂಗಾಲದ ಒಟ್ಟು ಮೊತ್ತ ಸೈಬೀರಿಯಾದ ಮೊತ್ತದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಲೆಕ್ಕ ಹಾಕಿದವರು ಹೇಳುವಂತೆ ವರ್ಷದಿಂದ ವರ್ಷಕ್ಕೆ ಸೇರಿಸುವ ವೇಗದಲ್ಲಿ ನಾವು ಆಗಿನ ಸರಾಸರಿಯನ್ನು ಮೀರಿದ್ದೇವೆ. ಕೈಗಾರಿಕಾ ಯುಗಕ್ಕೆ ಮುನ್ನ ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ೨೮೦ ಭಾಗವಿದ್ದ ಇಂಗಾಲದ ಡೈ ಆಕ್ಸೈಡು ಈಗ ೪೨೦ನ್ನು ದಾಟಿದೆ. ಹವಳಕ್ಕೆ ಮೊದಲು ತಾಗುವುದು ಕಾವು. ನೀರು ವಾಡಿಕೆಯ ಬೇಸಗೆಗಿಂ��� ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಸಾಕು, ಪಾಲಿಪು ತನ್ನೊಳಗಿನ ಪಾಚಿಗಳನ್ನು ಹೊರದೂಡಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ವ್ಯಾಪಕವಾಗಿ ಹೀಗಾಯಿತು. ೨೦೨೪ರ ಏಪ್ರಿಲ್ಲಿನಲ್ಲಿ ಅಮೆರಿಕದ ಕಡಲು ಮತ್ತು ವಾತಾವರಣ ಸಂಸ್ಥೆ ಜಗತ್ತಿನ ನಾಲ್ಕನೆಯ ವ್ಯಾಪಕ ಬಿಳುಪಾಗುವಿಕೆಯನ್ನು ಘೋಷಿಸಿತು.

ಲಕ್ಷದ್ವೀಪಕ್ಕೆ ಹೋಗುವ ಓದುಗರಿಗೆ ಒಂದು ಸೂಚನೆ. ಗಾಜಿನ ತಳದ ದೋಣಿಯಿಂದ ನೋಡುವಾಗ ಹಿಮದಂತೆ ಬೆಳ್ಳಗಿರುವ ಹವಳ ಕಂಡರೆ ಸತ್ತಿತೆಂದು ತಿಳಿಯಬೇಡಿ. ಅದು ಹಸಿದಿದೆ, ಆದರೆ ಬದುಕಿದೆ. ನೀರು ತಣಿದರೆ ಕೆಲವು ವಾರಗಳಲ್ಲಿ ಪಾಚಿಗಳು ಮರಳಿ ಬಣ್ಣ ಬರುವುದುಂಟು. ಕಂದು ಹಸುರಿನ ನವಿರಾದ ಲೋಳೆ ಮೇಲೆಲ್ಲ ಹಬ್ಬಿದ್ದರೆ, ಅದು ಸತ್ತ ಹವಳ.